ಫಾರ್ಮ್ಯಾಟ್ ಮಾಡ್ಬಿಡೋಣ್ವಾ ಸಾರ್?

ಈ ಒಂದು ವಾಕ್ಯವನ್ನ ಕಾನೂನು ತಂದು ನಿಷೇಧಿಸಬೇಕು ಅನ್ನೋದು ನನ್ನ ಬಹುದಿನದ ಬೇಡಿಕೆ. ಕಂಪ್ಯೂಟರ್ ಆನ್ ಆಗ್ತಿಲ್ಲ ಅಂದ್ರೆ ಫಾರ್ಮ್ಯಾಟ್. ಆನ್ ಆಗಿ ಫೋಲ್ಡರ್ ತೆರೀತಿಲ್ಲ ಅಂದ್ರೂ ಫಾರ್ಮ್ಯಾಟ್. ನೆಗಡಿ ಬಂತು ಅಂತ ಮೂಗು ಕೊಯ್ಯೋದು ಗಾದೆ ಅಂದುಕೊಂಡಿದ್ದೆ, ನಮ್ಮ ರಿಪೇರಿ ಅಂಗಡಿಗಳಲ್ಲಿ ಅದೇ ಚಿಕಿತ್ಸಾ ಪದ್ಧತಿ!

ಫೈಲ್ ಸಿಸ್ಟಮ್ ಕೆಟ್ಟಿದೆ ಅಂದ್ರೆ ಫೈಲುಗಳು ಹೋದವು ಅಂತಲ್ಲ ಕಣ್ರೀ. ತಾಲ್ಲೂಕಾಫೀಸಿನ ಪಹಣಿ ಪುಸ್ತಕಕ್ಕೆ ಗೆದ್ದಲು ಹಿಡಿದರೆ ಹೊಲ ಮಾಯ ಆಗುತ್ತಾ? ಹೊಲ ಅಲ್ಲೇ ಇರುತ್ತೆ, ಯಾರದ್ದು, ಎಲ್ಲಿಂದ ಎಲ್ಲಿಯವರೆಗೆ ಅನ್ನೋ ದಾಖಲೆ ಮಾತ್ರ ಹಾಳಾಗಿರುತ್ತೆ. ಎನ್‌ಟಿಎಫ್‌ಎಸ್‌ನಲ್ಲಿ ಆ ದಾಖಲೆಗೆ ಮಾಸ್ಟರ್ ಫೈಲ್ ಟೇಬಲ್ ಅಂತ ಹೆಸರು. ಅದರಲ್ಲಿ ನಾಲ್ಕು ಸಾಲು ಕೆಟ್ಟಾಗ ವಿಂಡೋಸ್ "ಈ ಡ್ರೈವ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲಾ?" ಅಂತ ಕೇಳುತ್ತೆ. ಅಂದ್ರೆ, ಪಹಣಿ ಓದಕ್ಕೆ ಬರ್ತಿಲ್ಲ, ಊರನ್ನೇ ಖಾಲಿ ಅಂತ ಬರ್ಕೊಳ್ಳಲಾ ಅಂತ. ಎಷ್ಟು ವಿನಯ ನೋಡಿ.

ಕುಕ್ ಟೌನಿನಲ್ಲಿ ಬೇಸಿಗೆ ಮಳೆ ಅಂದ್ರೆ ಮರದ ಕೊಂಬೆ ತಂತಿ ಮೇಲೆ, ಕರೆಂಟು ದೇವರ ಮೇಲೆ. 2023ರ ಮೇನಲ್ಲಿ ಹೀಗೇ ಕರೆಂಟು ಹೋಗಿ ಬಂದು ಹೋಗಿ, ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಹಳೇ ಡೆಸ್ಕ್‌ಟಾಪ್ ಕೈಕೊಟ್ಟಿತು. ಮೇಷ್ಟ್ರು ಶಿಡ್ಲಘಟ್ಟದ ಕಡೆಯವರು. ರೇಷ್ಮೆ ಬೆಳೆಗಾರರು ಆಡೋ ಮಾತುಗಳನ್ನ ಅಕಾರಾದಿಯಾಗಿ ನುಡಿಯಲ್ಲಿ ಟೈಪ್ ಮಾಡ್ತಾ ಇದ್ದರು, ಮೂರು ವರ್ಷದಿಂದ. ಅಂಗಡಿಯವನು ಅವರನ್ನ ಕೇಳಿದ್ದು ಒಂದೇ ಪ್ರಶ್ನೆ: "ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡ್ತೀನಿ, ಪರ್ವಾಗಿಲ್ವಾ?" ಮೇಷ್ಟ್ರು ಪರವಾಗಿಲ್ಲ ಅಂದರು. ಡೆಸ್ಕ್‌ಟಾಪ್ ಮೇಲಿರೋ ಫೈಲು ಸಿ ಡ್ರೈವಿನಲ್ಲೇ ಇರುತ್ತೆ ಅಂತ ಅವರಿಗೆ ಹೇಗೆ ಗೊತ್ತಿರಬೇಕು ಸ್ವಾಮಿ? ಅಂಗಡಿಯವನಿಗೆ ಗೊತ್ತಿತ್ತು. ಹೇಳಲಿಲ್ಲ. ಬರೀ ಫಾರ್ಮ್ಯಾಟ್ ಆಗಿದ್ದರೆ ಇನ್ನೂ ಹೆಣಗಾಡಬಹುದಿತ್ತು. ಅದರ ಮೇಲೆ ಹೊಸ ವಿಂಡೋಸ್, ಯಾರೂ ಕೇಳದ ಹತ್ತಾರು ಸಾಫ್ಟ್‌ವೇರು, ಬೋನಸ್ಸಾಗಿ ಎರಡು ಸಿನಿಮಾ! ಹಳೆಯದರ ಮೇಲೆ ಹೊಸದು ಬರೆದರೆ ಹಳೆಯದು ಹೋಯ್ತು, ಅಷ್ಟೇ.

ಆಮೇಲೆ ಫೋಟೋರೆಕ್ ಹಾಕಿ ಕೆದಕಿದ್ದಕ್ಕೆ ಹೆಸರಿಲ್ಲದ ಸಾವಿರಾರು ಫೈಲುಗಳ ನಡುವೆ ಒಂದು ಹಳೇ ಪ್ರತಿ ಸಿಕ್ಕಿತು. ತಕಾರದವರೆಗೆ. ಚಂದ್ರಿಕೆ ಉಳಿಯಿತು, ಜ್ವರ ಉಳಿಯಿತು. ಹಿಪ್ಪುನೇರಳೆ ಹೋಯಿತು, ಹುಳವೂ ಹೋಯಿತು.

ಅಂಗಡಿಯವರನ್ನಷ್ಟೇ ಬೈದು ಸುಮ್ಮನಾಗಲ್ಲ. ನನ್ನ ಜೊತೆ ಕೆಲಸ ಮಾಡೋ ಬುದ್ಧಿವಂತರಿದ್ದಾರಲ್ಲ, ಅವರದ್ದು ಇನ್ನೊಂದು ಮಂತ್ರ: "ಚೆಕ್‌ಡಿಸ್ಕ್ ಸ್ಲ್ಯಾಶ್ ಎಫ್ ಹೊಡಿ ಮಗಾ." ಚೆಕ್‌ಡಿಸ್ಕ್ ಒಬ್ಬ ಶಾನುಭೋಗ. ಅವನಿಗೆ ಬೇಕಾಗಿರೋದು ಲೆಕ್ಕ ತಾಳೆಯಾಗೋದು, ನಿಮ್ಮ ಹೊಲ ಉಳಿಯೋದಲ್ಲ. ಅರ್ಥವಾಗದ ದಾಖಲೆಯನ್ನ ಅಳಿಸ್ತಾನೆ, ವಾರಸುದಾರರಿಲ್ಲದ ತುಂಡುಗಳನ್ನ ಫೌಂಡ್.000 ಅನ್ನೋ ಅಡಗಿಸಿಟ್ಟ ಫೋಲ್ಡರಿಗೆ ತುಂಬ್ತಾನೆ. ಡಿಸ್ಕೇ ಸಾಯ್ತಾ ಇದ್ದರಂತೂ ಆ ಓಡಾಟವೇ ಅದಕ್ಕೆ ಕೊನೇ ಪೆಟ್ಟು. ಕಂಪ್ಯೂಟರ್ ಶುರುವಾಗುವಾಗ ಚೆಕ್‌ಡಿಸ್ಕ್ ತಾನಾಗೇ ಎಣಿಕೆ ಶುರು ಮಾಡಿದರೆ ಯಾವುದಾದರೂ ಕೀ ಒತ್ತಿ ನಿಲ್ಲಿಸಿ. ಅದಕ್ಕೆ ಅವಕಾಶ ಇದೆ.

"ಫಾರ್ಮ್ಯಾಟ್ ಆದಮೇಲೂ ರಿಕವರಿ ಆಗುತ್ತೆ ಸಾರ್" ಅನ್ನೋದು ಇನ್ನೊಂದು ಸಮಾಧಾನ. ಹಳೇ ಕಾಲದ ಸತ್ಯ ಅದು. ವಿಸ್ಟಾದಿಂದ (2007) ಈಚೆಗೆ ಕ್ವಿಕ್ ಅಲ್ಲದ ಫಾರ್ಮ್ಯಾಟ್ ಇಡೀ ಡಿಸ್ಕಿಗೆ ಸೊನ್ನೆ ಬಳಿಯುತ್ತೆ. ಎಸ್‌ಎಸ್‌ಡಿ ಆದರೆ ಕ್ವಿಕ್ ಫಾರ್ಮ್ಯಾಟ್ ಆದರೂ ಟ್ರಿಮ್ ಆದೇಶ ಹೋಗಿ, ಸಾಮಾನ್ಯವಾಗಿ ಕ್ಷಣದಲ್ಲೇ ಎಲ್ಲಾ ಖಾಲಿ. ಹಳೇ ಹಾರ್ಡ್ ಡಿಸ್ಕಿನ ಅದೃಷ್ಟವನ್ನ ಹೊಸ ಲ್ಯಾಪ್‌ಟಾಪಿಗೂ ಅಂಟಿಸಿ ಮಾತಾಡ್ತಾರೆ.

ಕನ್ನಡದಲ್ಲಿ ಬರೆಯೋ ನಮಗೆ ಇದರಲ್ಲಿ ಒಂದು ಬೇರೆಯೇ ವಿಷಯ ಇದೆ. ಯೂನಿಕೋಡ್ ಕನ್ನಡವನ್ನ ಯುಟಿಎಫ್-8ನಲ್ಲಿ ಉಳಿಸಿದರೆ ಪ್ರತಿ ಚಿಹ್ನೆಗೆ ಮೂರು ಬೈಟು. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179. ಅಂದ್ರೆ ಪಹಣಿ ಪೂರ್ತಿ ಸುಟ್ಟುಹೋದರೂ ಇಡೀ ಡಿಸ್ಕಿನಲ್ಲಿ ಈ ಜೋಡಿ ಎಲ್ಲೆಲ್ಲಿ ಸಾಲಾಗಿ ಬರುತ್ತೆ ಅಂತ ಹುಡುಕಿದರೆ ಕನ್ನಡ ಸಿಕ್ಕಿಬಿಡುತ್ತೆ! ಸಾದಾ ಟೆಕ್ಸ್ಟ್ ಫೈಲ್ ಅರ್ಧ ಹರಿದರೂ ಉಳಿದರ್ಧ ಓದಬಹುದು. ಒಳಗೆ ಜಿಪ್ ಆಗಿರೋ ವರ್ಡ್ ಡಾಕ್ಸ್ ಫೈಲಿಗೆ ಈ ಉಪಾಯ ನಡೆಯಲ್ಲ. ಹಳೇ ನುಡಿ, ಬರಹ ಫಾಂಟಿನ ಫೈಲಿಗೂ ನಡೆಯಲ್ಲ, ಅದು ಯಂತ್ರದ ಕಣ್ಣಿಗೆ ಬರೀ ಸೊಟ್ಟಪಟ್ಟ ಲ್ಯಾಟಿನ್ ಅಕ್ಷರ. ಮೇಷ್ಟ್ರ ಫೈಲಿನಲ್ಲಿ ನಾನು ಒದ್ದಾಡಿದ್ದು ಇಲ್ಲೇ. (ಹಳೇ ಫೈಲುಗಳನ್ನ ಯೂನಿಕೋಡಿಗೆ ಬದಲಾಯಿಸಿ ಅಂತ ಹೇಳಿದರೆ ಭಾಷಣ ಅಂತೀರಿ. ಇರಲಿ, ಇದನ್ನೂ ಒಂದು ಕಾರಣ ಅಂತ ಇಟ್ಕೊಳ್ಳಿ.)

ಮಾಡಬೇಕಾದ್ದು ಇಷ್ಟೇ. ಕೆಟ್ಟ ಡಿಸ್ಕಿನ ಮೇಲೆ ಒಂದಕ್ಷರವೂ ಬರೆಯದೆ, ಕಂಪ್ಯೂಟರ್ ಆರಿಸಿ, ಲಿನಕ್ಸ್ ಪೆನ್‌ಡ್ರೈವಿನಿಂದ ಶುರು ಮಾಡಿ, ಅದಕ್ಕಿಂತ ದೊಡ್ಡ ಇನ್ನೊಂದು ಡಿಸ್ಕಿಗೆ ಡಿಡಿರೆಸ್ಕ್ಯೂನಿಂದ ಪೂರ್ತಿ ಪ್ರತಿ ತೆಗೆಯೋದು. ಅದು ಸುಲಭದ ಜಾಗಗಳನ್ನ ಮೊದಲು ಓದಿ ಕೆಟ್ಟ ಜಾಗಗಳನ್ನ ಕೊನೆಗಿಡುತ್ತೆ. ಎಲ್ಲಿವರೆಗೆ ಓದಿದೆ ಅನ್ನೋ ನಕ್ಷೆಯನ್ನ ಫೈಲಿನಲ್ಲಿ ಇಟ್ಟುಕೊಳ್ಳೋದರಿಂದ ನಡುವೆ ಕರೆಂಟು ಹೋದರೂ ಅಲ್ಲಿಂದಲೇ ಮುಂದುವರಿಸಬಹುದು, ನಮ್ಮೂರಿಗೆ ಹೇಳಿ ಮಾಡಿಸಿದ ಹಾಗೆ. ಟೆಸ್ಟ್‌ಡಿಸ್ಕ್, ಫೋಟೋರೆಕ್, ಚೆಕ್‌ಡಿಸ್ಕ್, ಎಲ್ಲಾ ಆಟ ಪ್ರತಿಯ ಮೇಲೆ. ಇವೆಲ್ಲಾ ಉಚಿತ. ಡಿಸ್ಕು ಟಿಕ್ ಟಿಕ್ ಅಂತಿದ್ದರೆ ಮಾತ್ರ ಯಾವುದನ್ನೂ ಮಾಡದೆ ಬಿಡಿ, ಅದು ಮನೇಲಿ ಮುಗಿಯೋ ಕೆಲಸ ಅಲ್ಲ.

"ಬ್ಯಾಕಪ್ ಇಟ್ಕೋಬೇಕಿತ್ತು" ಅಂತ ಕಾಮೆಂಟ್ ಹಾಕೋಕೆ ಕೈ ತುರಿಸ್ತಿರೋರಿಗೆ: ಹೌದು, ಇಟ್ಕೋಬೇಕಿತ್ತು. ಹೆಲ್ಮೆಟ್ಟೂ ಹಾಕ್ಕೋಬೇಕಿತ್ತು. ಹಾಕದೆ ಬಿದ್ದವನನ್ನ ಆಸ್ಪತ್ರೇಲಿ ಕೇಳದೇ ಕಾಲು ಕತ್ತರಿಸಬಹುದಾ?

ಮೇಷ್ಟ್ರ ಕಥೆ ಆದಮೇಲೆ ಈ ಸುತ್ತಮುತ್ತಲ ಮೂರು ಅಂಗಡಿಗಳಲ್ಲಿ, ಫಾರ್ಮ್ಯಾಟಿಗೆ ಮುಂಚೆ ಡಿಸ್ಕಿನ ಪ್ರತಿ ತೆಗೆದುಕೊಡ್ತೀರಾ ಅಂತ ವಿಚಾರಿಸಿದೆ. ಇಬ್ಬರು ನಕ್ಕರು. ಮೂರನೆಯವನು "ಎಕ್ಸ್‌ಟ್ರಾ ಎಷ್ಟು ಕೊಡ್ತೀರ?" ಅಂದ. ನ್ಯಾಯವಾದ ಪ್ರಶ್ನೆ. ಒಂದು ಟಿಬಿ ಡಿಸ್ಕಿಗೆ, ಎಲ್ಲಾ ಸರಿಯಿದ್ದರೂ ಮೂರು ಗಂಟೆ ಬೇಕು. ಸಾವಿರ ರೂಪಾಯಿ ಅಂದೆ. ಒಪ್ಪಿದ. ಯಾರಿಗಾದರೂ ಆ ಅಂಗಡಿ ಬೇಕಿದ್ದರೆ ಮೇಲ್ ಹಾಕಿ.