ಹೊಸ ಬುಷ್, ಹಳೆಯ ಸದ್ದು

ಕಳೆದ ಬೇಸಿಗೆಯಲ್ಲಿ ಜತ್ತ ತಾಲ್ಲೂಕಿನ ರೈತರೊಬ್ಬರು ಒಂಬತ್ತನೆಯ ತರಗತಿಯಲ್ಲಿ ಓದುವ ಮಗನೊಡನೆ ನನ್ನ ಕಚೇರಿಗೆ ಬಂದರು. ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಕಬ್ಬಿಣದ ತುಂಡೊಂದನ್ನು ಮೇಜಿನ ಮೇಲಿಟ್ಟರು. ಅದು ಬಾವಿಯ ಡೀಸೆಲ್ ಎಂಜಿನ್ನಿನ ರಾಕರ್ ಆರ್ಮ್. “ಹೊಸಾ ಬುಷ್ ಹಾಕಿಸಿ ತಿಂಗಳಾಗಿಲ್ರೀ ಸಾಹೇಬ್ರ, ಮತ್ತ ಖಟಖಟ ಸುರು ಆಗೇತಿ. ಮಿಸ್ತ್ರಿ ಮ್ಯಾಲ ಕೇಸ್ ಹಾಕೂಣ್ರಿ” ಎಂದರು. ದಾಳಿಂಬೆ ಗಿಡಗಳು ನೀರು ಕಾಣದೆ ನಾಲ್ಕು ದಿನಗಳಾಗಿದ್ದವು.

ದಾವೆ ಹೂಡುವ ಮುನ್ನ ದೋಷವೇನೆಂದು ತಿಳಿಯಬೇಕು. ರಾಕರ್ ಆರ್ಮ್ ಎಂಬುದು ಏತದ ಮರದಂತೆ ನಡುವಿನ ಆಧಾರದ ಮೇಲೆ ತೂಗುವ ತೋಳು. ಒಂದು ತುದಿಯನ್ನು ಪುಶ್ ರಾಡ್ ಮೇಲಕ್ಕೆತ್ತಿದಾಗ ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುತ್ತದೆ. ನಡುವಿನ ಉಕ್ಕಿನ ಶಾಫ್ಟಿಗೂ ತೋಳಿಗೂ ಮಧ್ಯೆ ಕಂಚಿನ ಬುಷ್ ಇರುತ್ತದೆ. ಉಕ್ಕಿಗಿಂತ ಮೃದುವಾದ ಕಂಚು ತಾನು ಸವೆದು, ಬೆಲೆಬಾಳುವ ಶಾಫ್ಟನ್ನು ಕಾಯಬೇಕೆಂಬುದೇ ಈ ಏರ್ಪಾಡಿನ ಉದ್ದೇಶ.

ನಿಮಿಷಕ್ಕೆ 1500 ಸುತ್ತು ತಿರುಗುವ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಈ ತೋಳು ನಿಮಿಷಕ್ಕೆ 750 ಸಲ, ಗಂಟೆಗೆ 45,000 ಸಲ ತೂಗುತ್ತದೆ. ಆದರೆ ಅದು ಪೂರ್ತಿ ಸುತ್ತುವುದಿಲ್ಲ, ಅತ್ತಿತ್ತ ಸ್ವಲ್ಪವೇ ಹೊರಳುತ್ತದೆ. ಪುಶ್ ರಾಡೂ ವಾಲ್ವಿನ ಸ್ಪ್ರಿಂಗೂ ಎರಡು ತುದಿಗಳನ್ನು ಮೇಲಕ್ಕೆ ನೂಕುವುದರಿಂದ, ಬುಷ್ಷಿನ ಕೆಳಮೈ ಶಾಫ್ಟಿನ ಕೆಳಮೈಗೆ ಒತ್ತಿಕೊಂಡು ಸವೆತವೂ ಆ ಒಂದೇ ಪಕ್ಕದಲ್ಲಿ ಆಗುತ್ತದೆ. ಮೇಲಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಬುಷ್ ಸವೆದ ತೋಳು ಓರೆಯಾಗಿ ವಾಲ್ವನ್ನು ಪಕ್ಕಕ್ಕೆ ನೂಕುತ್ತದೆ, ವಾಲ್ವಿನ ಗೈಡೂ ಸವೆಯುತ್ತದೆ. ಆಗ ಟ್ಯಾಪೆಟ್ ಎಷ್ಟು ಸಲ ಸರಿಪಡಿಸಿದರೂ ಸದ್ದು ಹೋಗದು.

ನಾನು ಹೀಗೆ ತಿಳಿದಷ್ಟನ್ನು ವಿವರಿಸುತ್ತಿರುವಾಗ ಹುಡುಗನು ತೋಳನ್ನೆತ್ತಿ ಅದರ ಮೇಲ್ಭಾಗದ ಎಣ್ಣೆಯ ರಂಧ್ರದಲ್ಲಿ ಕಣ್ಣಿಟ್ಟನು. “ಅಪ್ಪಾ, ಒಳಗ ಬೆಳಕು ಕಾಣವಲ್ದು, ಕಂಚು ಹೊಳೀತೈತಿ” ಎಂದನು. ದೋಷ ಅಲ್ಲಿಯೇ ಇತ್ತು. ಬುಷ್ಷಿನ ರಂಧ್ರವು ತೋಳಿನ ರಂಧ್ರಕ್ಕೆ ಎದುರಾಗಿ ಕೂಡದೆ ಪಕ್ಕಕ್ಕೆ ಸರಿದಿತ್ತು. ಎಣ್ಣೆಯ ದಾರಿ ಮುಚ್ಚಿ, ಹೊಸ ಬುಷ್ ಒಣಗಿದ ಶಾಫ್ಟಿನ ಮೇಲೆಯೇ ತಿಂಗಳು ಕಾಲ ತಿಕ್ಕಾಡಿತ್ತು.

ಬುಷ್ ಕೂಡಿಸುವುದು ಸುತ್ತಿಗೆಯ ಕೆಲಸವಲ್ಲ. ತೋಳಿನ ಒಳಮೈಯನ್ನು ಶುಚಿಗೊಳಿಸಿ, ಎರಡೂ ರಂಧ್ರಗಳನ್ನು ಒಂದೇ ಗೆರೆಗೆ ತಂದು, ಪ್ರೆಸ್ಸಿನಲ್ಲಿಯೋ ವೈಸಿನಲ್ಲಿಯೋ ನೇರವಾಗಿ ಒತ್ತಬೇಕು. ಬಿಗಿಯಾಗಿ ಕೂತ ಬುಷ್ಷಿನ ಒಳವ್ಯಾಸ ತುಸು ಕುಗ್ಗುತ್ತದೆ. ಆದ್ದರಿಂದ ಕೂಡಿಸಿದ ಮೇಲೆ ರೀಮರ್ ಆಡಿಸಿ, ಎಂಜಿನ್ ತಯಾರಕರು ಹೇಳಿದ ಸಡಿಲಿಗೆ ತರಬೇಕು. ಆ ಸಡಿಲು ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದ್ದು. ಬಳಿಕ ಕಂಚಿನ ಪುಡಿಯನ್ನೆಲ್ಲ ತೊಳೆದು, ಎಣ್ಣೆಯ ರಂಧ್ರದಲ್ಲಿ ತಂತಿ ಹಾಯಿಸಿ ನೋಡಬೇಕು. ಎಣ್ಣೆ ಸವರಿದ ಶಾಫ್ಟಿನ ಮೇಲೆ ತೋಳು ತನ್ನ ಭಾರಕ್ಕೇ ಇಳಿಯಬೇಕು, ಪಕ್ಕಕ್ಕೆ ಅಲುಗಬಾರದು. ಶಾಫ್ಟಿನ ಕೆಳಮೈಗೆ ಉಗುರು ತಾಗಿಸಿದಾಗ ಮೆಟ್ಟಿಲು ಸಿಕ್ಕರೆ ಬುಷ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ.

ಮಿಸ್ತ್ರಿಯನ್ನು ಕರೆಸಿದೆವು. ಅವರು ರಂಧ್ರದಲ್ಲಿ ನೋಡಿ ತಪ್ಪೊಪ್ಪಿಕೊಂಡರು, ಬೇರೆ ಬುಷ್ಷನ್ನು ಹಣವಿಲ್ಲದೆ ಹಾಕಿಕೊಡಲು ಸಮ್ಮತಿಸಿದರು. ತಕರಾರು ಉಳಿದದ್ದು ಶಾಫ್ಟಿನ ವಿಷಯದಲ್ಲಿ. ಈ ತಿಂಗಳಲ್ಲಿಯೇ ಹಾಳಾಯಿತೆಂದು ರೈತರ ವಾದ, ಮೊದಲೇ ಸವೆದಿತ್ತೆಂದು ಮಿಸ್ತ್ರಿಯ ವಾದ. ಮೊದಲಿನ ಬುಷ್ ಇದ್ದಿದ್ದರೆ ಅದರ ಸವೆತವನ್ನೂ ಶಾಫ್ಟಿನ ಸವೆತವನ್ನೂ ಹೋಲಿಸಿ ನೋಡಬಹುದಿತ್ತು. ಅದನ್ನು ಗುಜರಿಗೆ ಹಾಕಿಯಾಗಿತ್ತು. ಕೆಲಸಕ್ಕೆ ರಸೀದಿಯೂ ಇರಲಿಲ್ಲ. ಕೊನೆಗೆ ಶಾಫ್ಟಿನ ಬೆಲೆಯನ್ನು ಇಬ್ಬರೂ ಅರ್ಧರ್ಧ ಹೊತ್ತರು. ಮೂರನೆಯ ದಿನ ನೀರು ಹರಿಯಿತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅನ್ವಯ ಸೇವೆಯ ಕೊರತೆಗಾಗಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಆದರೆ ಅಲ್ಲಿ ನಡೆಯುವುದು ಸಾಕ್ಷ್ಯ, ಸಿಟ್ಟಲ್ಲ. ಆದುದರಿಂದ ರಿಪೇರಿ ಮಾಡಿಸುವಾಗ ಕಳಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಮಾಡಿದ ಕೆಲಸವನ್ನು ರಸೀದಿಯಲ್ಲಿ ಬರೆಯಿಸಿರಿ. ಬುಷ್ ಹಾಕಿಸುತ್ತಿದ್ದರೆ, ಶಾಫ್ಟ್ ಏರಿಸುವ ಮುನ್ನ ಮಕ್ಕಳ ಕೈಗೆ ತೋಳನ್ನು ಕೊಟ್ಟು ರಂಧ್ರದಲ್ಲಿ ಬೆಳಕು ಕಾಣುತ್ತದೆಯೇ ಎಂದು ಕೇಳಿರಿ.