ಮೇಜಿನ ಮೇಲೆ ಎಲ್ಲವೂ ಇದೆ, ಕನ್ನಡವೊಂದಿಲ್ಲ

ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ಹತ್ತಿ ಬೆಂಗಳೂರು ಸೇರಿದ ನಮ್ಮ ಮಕ್ಕಳು ಇಂದು ಸಾಫ್ಟ್‌ವೇರ್ ಕಂಪೆನಿಗಳಲ್ಲಿದ್ದಾರೆ. ಸಂತೋಷದ ವಿಷಯ. ಆದರೆ ಅವರಲ್ಲಿ ಅನೇಕರಿಗೆ ಕೆಲಸಕ್ಕಿಂತ ಸಲಕರಣೆಗಳದ್ದೇ ಮಾತು. ಎರಡು ಪರದೆ, ಟಕಟಕ ಸದ್ದಿನ ದುಬಾರಿ ಕೀಲಿಮಣೆ, ಪ್ರೋಗ್ರಾಂ ಬರೆಯಲು ಇಂಥದ್ದೇ ಎಡಿಟರ್, ಕೆಲಸ ನೆನಪಿಸಲು ಮತ್ತೊಂದು ಆ್ಯಪ್. ದಿನವಿಡೀ ಕುಳಿತು ದುಡಿಯುವವರಿಗೆ ಒಳ್ಳೆಯ ಕುರ್ಚಿ ಬೇಡವೆಂದು ನಾವು ಹೇಳುವುದಿಲ್ಲ. ನಮ್ಮ ತಕರಾರು ಬೇರೆ. ಇಷ್ಟೆಲ್ಲ ಇರುವ ಮೇಜಿನ ಮೇಲೆ ಒಂದು ಸಾಲು ಕನ್ನಡ ಬರೆಯುವ ಏರ್ಪಾಡು ಏಕಿಲ್ಲ? ಮನೆಗೆ ಸಂದೇಶ ಕಳಿಸುವಾಗಲೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಗೀಚುವುದೇಕೆ?

'ಕಂಪ್ಯೂಟರಿಗೆ ಕನ್ನಡ ಒಗ್ಗದು' ಎಂಬ ಉತ್ತರ ಸಿದ್ಧವಾಗಿದೆ. ಇದು ಶುದ್ಧ ಸೋಮಾರಿತನ. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರಣೆಗೆ ತಕ್ಕಂತೆ ಕನ್ನಡ ಮೂಡಿಸುವ ವಿನ್ಯಾಸ ಕೊಟ್ಟು ದಶಕಗಳೇ ಸಂದಿವೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಕ್ಕೆ ಅದೇ ಆಧಾರ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಇಂದು ವಿಂಡೋಸ್, ಲಿನಕ್ಸ್, ಮೊಬೈಲ್ ಎಲ್ಲದರಲ್ಲೂ ಕನ್ನಡ ಕೀಲಿಮಣೆ ಪುಕ್ಕಟೆ ಸಿಗುತ್ತದೆ.

ಬೆಂಗಳೂರಿನಲ್ಲಿರುವವರನ್ನಷ್ಟೇ ದೂರಿದರೆ ಸಾಲದು. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ, ಸಂಘಸಂಸ್ಥೆಗಳ ಕಚೇರಿಗಳಲ್ಲಿ ಹಳೆಯ ಫಾಂಟುಗಳ ಬಳಕೆ ಇನ್ನೂ ನಿಂತಿಲ್ಲ. ಈ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಮುಖವಾಡ ತೊಡಿಸುತ್ತವೆ. ಫೈಲಿನ ಒಳಗೆ ಕನ್ನಡವೇ ಇರುವುದಿಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹುಡುಕಿದರೆ ಒಂದು ಪದವೂ ಸಿಗದು. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಅರ್ಥವಾಗದು. ಯೂನಿಕೋಡ್‌ನಲ್ಲಾದರೋ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ; ಯಾವ ಯಂತ್ರದಲ್ಲಿ ತೆರೆದರೂ 'ಕ' ಎಂಬುದು 'ಕ' ಆಗಿಯೇ ಇರುತ್ತದೆ.

ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನವನ್ನು ಸುಮಾರು ಕ್ರಿ.ಶ. 450ರದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ. 1936ರಲ್ಲಿ ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದಾಗ ಅದರ ಹದಿನಾರು ಸಾಲುಗಳನ್ನು ಓದಲು ಸಾಧ್ಯವಾಯಿತು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಮೂರ್ತಿಗಳ ಅಡಿಯಲ್ಲಿ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ದಾಸೋಜ, ಚಾವಣ ಎಂಬ ಹೆಸರುಗಳು ನಮಗೆ ತಿಳಿದಿರುವುದು ಹಾಗೆಯೇ. ಅವರ ಕೈಯಲ್ಲಿದ್ದ ಉಳಿ, ಸುತ್ತಿಗೆಗಳು ಎಂಥವೆಂದು ಇಂದು ಯಾರೂ ಕೇಳುವುದಿಲ್ಲ. ಒಂದೂವರೆ ಸಾವಿರ ವರ್ಷದ ಹಿಂದಿನ ಕಲ್ಲನ್ನು ಓದಬಲ್ಲ ನಾವು, ಇಪ್ಪತ್ತು ವರ್ಷದ ಹಿಂದಿನ ನಮ್ಮದೇ ಫೈಲನ್ನು ಓದಲಾರದೆ ಹೋದರೆ ಅದಕ್ಕಿಂತ ನಾಚಿಕೆಗೇಡು ಬೇರೇನಿದೆ?

ಓದು ಎಂಬ ಆದೇಶದಿಂದ ಆರಂಭವಾದ, ಲೇಖನಿಯನ್ನು ಜ್ಞಾನದ ಸಾಧನವೆಂದು ಸಾರಿದ ಧರ್ಮ ನಮ್ಮದು. ಬರೆದಿಟ್ಟದ್ದು ಮುಂದಿನ ಪೀಳಿಗೆಯ ಅಮಾನತ್ತು. ಮುಸ್ಲಿಮರು ಕನ್ನಡದಿಂದ ದೂರವೆಂಬ ಆರೋಪವನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ನಮ್ಮ ಲೇಖಕರು ಕನ್ನಡದಲ್ಲಿ ಬರೆದ ಲೇಖನಗಳು, ಜಮಾಅತ್‌ಗಳ ವರದಿಗಳು, ನಿಂತುಹೋದ ಪತ್ರಿಕೆಗಳ ಪುಟಗಳು ಹಳೆಯ ಫಾಂಟುಗಳಲ್ಲೇ ಕೊಳೆತರೆ ಆ ಆರೋಪಕ್ಕೆ ಉತ್ತರಿಸುವ ಸಾಕ್ಷಿಯೇ ಉಳಿಯದು.

ಆದುದರಿಂದ ಸಾಫ್ಟ್‌ವೇರ್ ಬಲ್ಲ ನಮ್ಮ ಯುವಕ ಯುವತಿಯರಲ್ಲಿ ನಮ್ಮ ಬೇಡಿಕೆ ಇಷ್ಟೆ. ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಮಸೀದಿ, ಮದ್ರಸ, ಗ್ರಂಥಾಲಯ, ಮುದ್ರಣಾಲಯಗಳಲ್ಲಿರುವ ಹಳೆಯ ಫೈಲುಗಳನ್ನು ಕೇಳಿ ಪಡೆಯಿರಿ. ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿಯೇ ಇವೆ. ಬದಲಿಸಿ, ತಪ್ಪು ತಿದ್ದಿ, ಎರಡು ಕಡೆ ಪ್ರತಿ ಇಡಿ. ಹೊಸ ಕೀಲಿಮಣೆ ಕೊಳ್ಳುವುದನ್ನು ಆಮೇಲೆ ಯೋಚಿಸೋಣ.