ಆ ಪುಟ್ಟ ಟಿಕ್ ಮಾರ್ಕ್ ಹಾಕಿದ್ದು ಯಾರು?

ಇಲ್ಲಿ ಏನಾದ್ರೂ ಬರೆದು ಎರಡು ತಿಂಗಳ ಮೇಲಾಯ್ತು. ಆಫೀಸಿನ ಕೆಲಸ, ಅಮ್ಮನ ಕಣ್ಣಿನ ಆಪರೇಷನ್ನು, ಊರಿಗೂ ಬೆಂಗಳೂರಿಗೂ ಓಡಾಟ... ನೆಪಗಳಿಗೇನು ಬರವಿಲ್ಲ ಬಿಡಿ :-) ಇವತ್ತು ಬರೆಯೋಕೆ ಕೂತಿದ್ದಕ್ಕೂ ಆ ಆಪರೇಷನ್ನೇ ಕಾರಣ. ಆದರೆ ವಿಷಯ ಮಾತ್ರ ನನ್ನ ಕೆಲಸದ್ದು.

ಆಗಿದ್ದಿಷ್ಟು. ಅಪ್ಪ ರಿಟೈರ್ಡ್ ಮೇಷ್ಟ್ರು, ಇರೋದು ಅರಸೀಕೆರೆಯಲ್ಲಿ. ಮಗ ಬೆಂಗಳೂರಲ್ಲಿ ಬಾಡಿಗೆ ಕಟ್ಟಿ ಕಟ್ಟಿ ಹಾಳಾಗ್ತಿದಾನೆ, ಒಂದು ಸೈಟಾದ್ರೂ ಆಗಲಿ ಅಂತ ಅವರ ಆಸೆ. ಒಂದು ದಿನ ಫೋನಿನಲ್ಲಿ ಪೇಪರ್ ಓದ್ತಾ ಇದ್ದಾಗ ದೇವನಹಳ್ಳಿ ಹತ್ತಿರದ ಸೈಟುಗಳ ಜಾಹೀರಾತು ಕಂಡಿದೆ, ಒತ್ತಿದಾರೆ. ರೇಟು ನೋಡೋಣ ಅಂದ್ರೆ ಪೇಜಿನಲ್ಲಿ ಎಲ್ಲೂ ರೇಟೇ ಇಲ್ಲ! ಹೆಸರು, ಫೋನ್ ನಂಬರು, ಇಮೇಲು ಕೊಟ್ಟರೆ ಹೇಳ್ತೀವಿ ಅಂತ ಒಂದು ಫಾರ್ಮು. ಪಾಪ, ಕೊಟ್ಟಿದಾರೆ.

ಎರಡು ನಿಮಿಷದಲ್ಲಿ ಮೊದಲ ಫೋನು. ಸಂಜೆಯೊಳಗೆ ಐದಾರು. ಮಾರನೇ ದಿನದಿಂದ ಸೈಟಿನವರಷ್ಟೇ ಅಲ್ಲ, ಹೋಮ್ ಲೋನಿನವರು, ಇನ್ಷೂರೆನ್ಸಿನವರು, ಅಪ್ಪ ಹೆಸರೇ ಕೇಳಿರದ ಇನ್ನೊಂದು ಲೇಔಟಿನವರು. ಹಿಂದಿಯಲ್ಲಿ ಕೆಲವರು, ಇಂಗ್ಲಿಷಿನಲ್ಲಿ ಕೆಲವರು. ಎರಡು ವಾರ ಎಲ್ಲರಿಗೂ ಮರ್ಯಾದೆಯಿಂದ "ಬೇಡಪ್ಪಾ" ಅಂದು ಸುಸ್ತಾದ ಮೇಲೆ, ಗೊತ್ತಿಲ್ಲದ ನಂಬರ್ ಬಂದ್ರೆ ಎತ್ತೋದನ್ನೇ ಅಪ್ಪ ಬಿಟ್ಟುಬಿಟ್ಟರು.

ಅಮ್ಮನ ಆಪರೇಷನ್ ಹಾಸನದಲ್ಲಿ ಗುರುವಾರ ಅಂತ ಗೊತ್ತಾಗಿತ್ತು. ಡಾಕ್ಟರು ಊರಿಗೆ ಹೋಗಬೇಕಾಗಿ ಬಂದು ಮಂಗಳವಾರಕ್ಕೆ ಹಾಕಿದಾರೆ. ಅದನ್ನ ಹೇಳೋಕೆ ಆಸ್ಪತ್ರೆಯವರು ಮೂರು ಸಲ ಫೋನ್ ಮಾಡಿದಾರೆ. ಮೂರು ಸಲವೂ ಅಪ್ಪ ಕಟ್ ಮಾಡಿದಾರೆ. ಗುರುವಾರ ಬೆಳಿಗ್ಗೆ ಇಬ್ಬರೂ ಹಾಸನಕ್ಕೆ ಹೋಗಿ, ಬಾಗಿಲಲ್ಲೇ ವಿಷಯ ತಿಳಿದು, ವಾಪಸ್ ಬಂದರು. ಮುಂದಿನ ದಿನಾಂಕ ಸಿಕ್ಕಿದ್ದು ಮೂರು ವಾರ ಆದ ಮೇಲೆ.

ಸುದ್ದಿ ಕೇಳಿ ನಂಗೆ ಸಿಟ್ಟು ನೆತ್ತಿಗೇರಿತು. ಊರಿಗೆ ಹೋದಾಗ ಅಪ್ಪನ ಫೋನಿನ ಹಿಸ್ಟರಿಯಲ್ಲಿ ಆ ಪೇಜು ಹುಡುಕಿ, ಲ್ಯಾಪ್‌ಟಾಪಿನಲ್ಲಿ ತೆಗೆದು, ಅದರ ಸೋರ್ಸ್ ಕೋಡ್ ನೋಡಿದೆ. ಸಬ್‌ಮಿಟ್ ಬಟನ್ನಿನ ಕೆಳಗೆ, ತಿಳಿ ಬೂದು ಬಣ್ಣದ ಇರುವೆ ಗಾತ್ರದ ಅಕ್ಷರದಲ್ಲಿ, "ನೀವೂ ನಿಮ್ಮ ಪಾಲುದಾರರೂ ನನಗೆ ಫೋನ್ ಮಾಡಬಹುದು" ಅನ್ನೋ ಅರ್ಥದ ಒಂದು ಸಾಲು. ಪಕ್ಕದ ಬಾಕ್ಸಿನಲ್ಲಿ ಮೊದಲೇ ಟಿಕ್ ಹಾಕಿತ್ತು. ಕೋಡಿನಲ್ಲಿ ಅದಕ್ಕೆ ಬೇಕಾದದ್ದು ಒಂದೇ ಪದ, 'ಚೆಕ್ಡ್'. ಇಂಗ್ಲಿಷಿನಲ್ಲಿ ಏಳು ಅಕ್ಷರ.

"ಏನೋ ಅದು?" ಅಂದರು ಅಪ್ಪ.

"ಇಲ್ಲಿ ನೋಡಿ, ಯಾರು ಬೇಕಾದ್ರೂ ಫೋನ್ ಮಾಡಬಹುದು ಅಂತ ನೀವೇ ಒಪ್ಪಿಗೆ ಕೊಟ್ಟಿದೀರಿ."

"ನಾನೆಲ್ಲಿ ಕೊಟ್ಟೆ? ಆ ಟಿಕ್ ಹಾಕಿದ್ದು ಯಾರು?"

ಬಾಯಿ ಕಟ್ಟಿ ಹೋಯ್ತು. ಯಾಕಂದ್ರೆ ಆ ಪೇಜು ನಾನು ಮಾಡಿದ್ದಲ್ಲ, ನಿಜ. ಆದರೆ ಅದರ ಹಿಂದಿನ ತಿಂಗಳಷ್ಟೇ ಇನ್ನೊಬ್ಬ ಕ್ಲೈಂಟಿಗೆ ಅಂಥದ್ದೇ ಪೇಜನ್ನ ನಾನು ಮಾಡಿಕೊಟ್ಟಿದ್ದೆ. ಅದೇ ಬೂದು ಬಣ್ಣ, ಅದೇ ಏಳಕ್ಷರ. ಟಿಕೆಟ್ಟಿನಲ್ಲಿ ಹಾಗೆ ಬರೆದಿತ್ತು, ಹಾಕಿದೆ. ಹತ್ತು ಸೆಕೆಂಡಿನ ಕೆಲಸ.

ಈ ಕಸುಬು ಗೊತ್ತಿಲ್ಲದವರಿಗೆ ಒಂದೆರಡು ಮಾತು. ಜಾಹೀರಾತನ್ನ ಒತ್ತಿದಾಗ ನೀವು ಬಂದು ಇಳಿಯೋ ಪುಟಕ್ಕೆ ಲ್ಯಾಂಡಿಂಗ್ ಪೇಜ್ ಅಂತಾರೆ. ಅಲ್ಲಿ ಫಾರ್ಮ್ ತುಂಬಿದವರು 'ಲೀಡ್'. ನೂರು ಜನ ಬಂದು ಐದು ಜನ ತುಂಬಿದ್ರೆ ಕನ್ವರ್ಷನ್ ರೇಟ್ 5%. ಆ 5ನ್ನ 6 ಮಾಡೋದೇ ನಮ್ಮಂಥವರ ಜೀವನದ ಗುರಿ :-) ಬಟನ್ ಕಿತ್ತಳೆ ಬಣ್ಣ ಮಾಡು, "ಇನ್ನು ಎರಡೇ ಸೈಟು ಉಳಿದಿವೆ" ಅಂತ ಬರಿ, ಗಡಿಯಾರ ಓಡಿಸು, ಟಿಕ್ ಮೊದಲೇ ಹಾಕಿಡು.

ಇದು ಅನ್ಯಾಯ ಅನ್ನೋದು ಒಂದು ಮಾತು. ಆದರೆ ನಾನು ಹೇಳಹೊರಟಿದ್ದು ಇನ್ನೊಂದು: ಇದು ಕೆಟ್ಟ ಎಂಜಿನಿಯರಿಂಗ್ ಕೂಡ. ನಾವು ಅಳೀತಾ ಇರೋದೇ ತಪ್ಪು.

ಒಂದು ಲೆಕ್ಕ ನೋಡಿ, ಬರೀ ಉದಾಹರಣೆಗೆ. ಒಂದು ಕ್ಲಿಕ್ಕಿಗೆ 50 ರೂಪಾಯಿಯಂತೆ ಸಾವಿರ ಜನರನ್ನ ಪೇಜಿಗೆ ತಂದಿರಿ, ಖರ್ಚು 50,000. ರೇಟು ಮುಚ್ಚಿಟ್ಟ ಪೇಜಿನಲ್ಲಿ 60 ಜನ ಫಾರ್ಮ್ ತುಂಬಿದರು, ಅದರಲ್ಲಿ ಸೈಟ್ ನೋಡೋಕೆ ಬಂದವರು 3. ರೇಟು ಮೇಲೇ ಬರೆದ ಪೇಜಿನಲ್ಲಿ ತುಂಬಿದವರು 25, ಬಂದವರು 5. ಮೊದಲನೆಯದರಲ್ಲಿ ಒಂದು ಲೀಡಿಗೆ ಸುಮಾರು 833 ರೂಪಾಯಿ, ಎರಡನೆಯದರಲ್ಲಿ 2,000. ಮೀಟಿಂಗಿನಲ್ಲಿ ಮೊದಲ ಪೇಜಿಗೇ ಚಪ್ಪಾಳೆ. ಆದರೆ ಕಾಲಿಟ್ಟು ನೋಡೋಕೆ ಬಂದವರ ಲೆಕ್ಕ ಹಿಡಿದ್ರೆ? ಮೊದಲನೆಯದು ತಲೆಗೆ 16,667, ಎರಡನೆಯದು 10,000. ಉಳಿದ 57 ಜನಕ್ಕೆ ಫೋನ್ ಮಾಡಿ ಬೈಸಿಕೊಂಡ ಟೆಲಿಕಾಲರ್ ಹುಡುಗಿಯ ಸಂಬಳ ಬೇರೆ. ನಿಜ ಜೀವನದಲ್ಲಿ ಅಂಕಿ ಬೇರೆ ಇರಬಹುದು. ಆದರೆ ಕೊನೆಯ ಸಾಲಿನವರೆಗೆ ಲೆಕ್ಕ ಹಾಕದೆ ಗೆದ್ದೆವು ಅನ್ನೋದು ಹ್ಯಾಗೆ?

ಇದು ಹೊಸ ಮಾತೇನಲ್ಲ. ಕ್ಲಾಡ್ ಹಾಪ್ಕಿನ್ಸ್ ಅನ್ನೋ ಅಮೆರಿಕದ ಜಾಹೀರಾತುಗಾರ 1923ರಲ್ಲಿ 'ಸೈಂಟಿಫಿಕ್ ಅಡ್ವರ್ಟೈಸಿಂಗ್' ಅಂತ ಪುಸ್ತಕ ಬರೆದ. ಪತ್ರಿಕೆಯ ಜಾಹೀರಾತಿನಲ್ಲಿ ಗುರುತು ಹಾಕಿದ ಕೂಪನ್ ಇಟ್ಟು, ಯಾವ ಜಾಹೀರಾತಿನಿಂದ ಎಷ್ಟು ಬಂತು ಅಂತ ಎಣಿಸೋದು ಅವನ ಕ್ರಮ. ನಮ್ಮ ಎ/ಬಿ ಟೆಸ್ಟಿಂಗಿನ ಅಜ್ಜ ಅನ್ನಿ. ಒಂದು ವ್ಯತ್ಯಾಸ ಇದೆ. ಕೂಪನ್ ಕತ್ತರಿಸಿ ಅಂಚೆಗೆ ಹಾಕೋನಿಗೆ ತಾನು ಏನು ಕಳಿಸ್ತಾ ಇದೀನಿ ಅಂತ ಗೊತ್ತಿರ್ತಿತ್ತು.

ನಮ್ಮೂರಿನ ಸೀರೆ ಅಂಗಡಿಯನ್ನೇ ನೋಡಿ. ಒಳಗೆ ಕಾಲಿಟ್ಟರೆ "ಬನ್ನಿ ಅಕ್ಕಾ, ಕೂತ್ಕೊಳ್ಳಿ" ಅಂದು ನೀರು ಕೊಟ್ಟು ಹತ್ತು ಸೀರೆ ಹರಡ್ತಾರೆ. ಸೆರಗಿನ ಹತ್ತಿರವೇ ರೇಟಿನ ಚೀಟಿ ಇರುತ್ತೆ. ತಗೊಂಡ ಮೇಲೆ "ಹೊಸ ಸ್ಟಾಕ್ ಬಂದ್ರೆ ಹೇಳ್ತೀವಿ, ನಂಬರ್ ಕೊಡ್ತೀರಾ?" ಅಂತಾರೆ, ಅಮ್ಮ ಖುಷಿಯಿಂದ ಕೊಡ್ತಾಳೆ. ಬಾಗಿಲಲ್ಲೇ ಅಡ್ಡ ನಿಂತು ನಂಬರ್ ಕೊಟ್ರೆ ಮಾತ್ರ ಸೀರೆ ತೋರಿಸ್ತೀನಿ ಅಂದ್ರೆ? ಅಮ್ಮ ಚಪ್ಪಲಿ ಬಿಡೋದೂ ಇಲ್ಲ.

"ಎಲ್ಲರೂ ಹೀಗೇ ಮಾಡ್ತಾರೆ, ನಾವೊಬ್ಬರೇ ಮಾಡದಿದ್ರೆ ಲೀಡ್ ಕಮ್ಮಿ ಆಗುತ್ತಲ್ಲ, ಕ್ಲೈಂಟಿಗೆ ಯಾರು ಉತ್ತರ ಹೇಳ್ತಾರೆ?" ಅಂತ ನಮ್ಮ ಮ್ಯಾನೇಜರ್ ಕೇಳಿದರು. ನ್ಯಾಯವಾದ ಪ್ರಶ್ನೆ. ಲೀಡಿನ ಎಣಿಕೆ ಖಂಡಿತ ಇಳಿಯುತ್ತೆ, ಅದನ್ನ ಮುಚ್ಚಿಡೋದು ಬೇಡ. ಆದರೆ ಕಾನೂನೂ ಈಗ ಸುಮ್ಮನಿಲ್ಲ. ಯುರೋಪಿನಲ್ಲಿ ಪ್ಲಾನೆಟ್49 ಅನ್ನೋ ಜರ್ಮನ್ ಕಂಪನಿಯ ಕೇಸಿನಲ್ಲಿ, ಮೊದಲೇ ಟಿಕ್ ಹಾಕಿದ ಬಾಕ್ಸು ಒಪ್ಪಿಗೆ ಅಲ್ಲ ಅಂತ ಅಲ್ಲಿನ ಉನ್ನತ ನ್ಯಾಯಾಲಯ 2019ರ ಅಕ್ಟೋಬರಿನಲ್ಲೇ ಹೇಳಿತು. ನಮ್ಮಲ್ಲಿ 2023ರ ನವೆಂಬರಿನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನ ನಿಷೇಧಿಸಿತು. "ಇನ್ನೆರಡೇ ಉಳಿದಿವೆ" ಅನ್ನೋ ಸುಳ್ಳು ಅವಸರ ಆ ಪಟ್ಟಿಯ ಮೊದಲ ಹೆಸರು. ಅದೇ ವರ್ಷದ ಡಿಜಿಟಲ್ ಖಾಸಗಿ ಮಾಹಿತಿ ಕಾಯ್ದೆ, ಒಪ್ಪಿಗೆ ಅಂದ್ರೆ ಜನ ತಾವಾಗಿ, ಇಂಥದ್ದಕ್ಕೇ ಅಂತ ತಿಳಿದು, ಸ್ಪಷ್ಟವಾಗಿ ಕೊಟ್ಟಿದ್ದು ಅನ್ನುತ್ತೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಭಾಗಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಸೈಟು ಮಾರೋರಿಗಂತೂ, ನೋಂದಣಿ ಆಗಬೇಕಾದ ಯೋಜನೆಯಾದ್ರೆ ಜಾಹೀರಾತಿನಲ್ಲಿ ಅದರ ಸಂಖ್ಯೆ ಇರಲೇಬೇಕು ಅಂತ 2016ರ ರೇರಾ ಕಾಯ್ದೆಯೇ ಹೇಳುತ್ತೆ.

ಹಾಗಾದ್ರೆ ಒಳ್ಳೇ ಪೇಜು ಹ್ಯಾಗಿರಬೇಕು? ನನಗೆ ತೋಚಿದ್ದು ಇಷ್ಟು.

ಜಾಹೀರಾತಿನಲ್ಲಿ ಹೇಳಿದ್ದೇ ಪೇಜಿನ ಮೊದಲ ಸಾಲಾಗಿರಲಿ. ದೇವನಹಳ್ಳಿ ಅಂತ ಕರೆದು ಚಿಕ್ಕಬಳ್ಳಾಪುರದ ಸೈಟು ತೋರಿಸಬೇಡಿ. ಜಾಹೀರಾತಿಗೆ ಅಂಕ ಕೊಡುವಾಗ ಗೂಗಲ್ಲೇ ನೋಡೋ ಮೂರು ವಿಷಯದಲ್ಲಿ ಲ್ಯಾಂಡಿಂಗ್ ಪೇಜಿನ ಅನುಭವವೂ ಒಂದು.

ರೇಟು, ಅಳತೆ, ರೇರಾ ಸಂಖ್ಯೆ ಫಾರ್ಮಿಗಿಂತ ಮೇಲೆ ಇರಲಿ. ರೇಟು ನೋಡಿ ಹಿಂದೆ ಹೋಗೋರು ಫೋನ್ ಮಾಡಿದ್ರೂ ಕೊಳ್ಳೋದಿಲ್ಲ.

ಹೆಸರು, ನಂಬರು ಸಾಕು. ಇಮೇಲ್ ಯಾಕೆ ಬೇಕು ಅಂತ ಕೇಳಿದ್ರೆ ನಮ್ಮ ಟೀಮಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹಳೇ ಫಾರ್ಮಿನಲ್ಲಿ ಇತ್ತು ಅಂತ ಇತ್ತು ಅಷ್ಟೆ! ನಂಬರಿನ ಜಾಗ ಮುಟ್ಟಿದ್ರೆ ಅಂಕಿಗಳ ಕೀಬೋರ್ಡ್ ಬರಲಿ. ಡ್ರೋನ್ ವೀಡಿಯೋ ಬೇಡ, ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಲಿ. ಅರಸೀಕೆರೆಯ ಮೇಷ್ಟ್ರಿಗೆ ತೋರಿಸೋ ಪೇಜು ಕನ್ನಡದಲ್ಲೂ ಇರಲಿ.

ಬಾಕ್ಸು ಖಾಲಿ ಇರಲಿ, ಟಿಕ್ ಅವರೇ ಹಾಕಲಿ. 'ಪಾಲುದಾರರು' ಅನ್ನೋ ಪದವೇ ಬೇಡ.

ಎಲ್ಲಕ್ಕಿಂತ ಮುಖ್ಯ, ಫಾರ್ಮ್ ತುಂಬಿದ ಮೇಲೆ ಬರೋ ಧನ್ಯವಾದದ ಪುಟ. ಅಲ್ಲಿ ಹೀಗೆ ಬರೀರಿ: "ನಾಳೆ ಬೆಳಿಗ್ಗೆ 10ರಿಂದ 12ರೊಳಗೆ, ಈ ನಂಬರಿನಿಂದ, ಒಂದೇ ಸಲ ಫೋನ್ ಮಾಡ್ತೀವಿ. ಬೇಡ ಅಂದ್ರೆ ನಿಮ್ಮ ನಂಬರ್ ಅಳಿಸ್ತೀವಿ." ಬರೆದ ಹಾಗೆ ನಡೆದುಕೊಳ್ಳಿ. ಈ ಒಂದು ಸಾಲು ಇದ್ದಿದ್ರೆ ಅಪ್ಪ ಆ ನಂಬರನ್ನ ಎತ್ತುತ್ತಿದ್ದರು, ಸೈಟನ್ನೂ ನೋಡ್ತಿದ್ದರೇನೋ. ಮುಖ್ಯವಾಗಿ, ಆಸ್ಪತ್ರೆಯ ಫೋನನ್ನೂ ಎತ್ತುತ್ತಿದ್ದರು.

ನಾನು ಮಾಡಿದ ಪೇಜಿನ ಟಿಕ್ ತೆಗೀಬೇಕು ಅಂತ ಮ್ಯಾನೇಜರ್ ಹತ್ತಿರ ಮೂರು ಸಲ ಜಗಳ ಆಡಿದೆ. ಕೊನೆಗೆ ಒಬ್ಬ ಕ್ಲೈಂಟ್ ಒಂದು ತಿಂಗಳ ಮಟ್ಟಿಗೆ ಒಪ್ಪಿದಾರೆ. ಮೊದಲ ವಾರ ಲೀಡ್ ಅರ್ಧಕ್ಕಿಳಿದು ನನಗೆ ನಿದ್ದೆ ಬಂದಿಲ್ಲ. ಸೈಟ್ ನೋಡೋಕೆ ಎಷ್ಟು ಜನ ಬಂದ್ರು ಅನ್ನೋ ಲೆಕ್ಕ ತಿಂಗಳ ಕೊನೆಗೆ ಬರುತ್ತೆ. ಉಳಿದ ಕ್ಲೈಂಟುಗಳ ಪೇಜಿನಲ್ಲಿ ಆ ಏಳಕ್ಷರ ಇನ್ನೂ ಇದೆ, ಅದನ್ನೂ ಒಪ್ಪಿಕೊಳ್ತೀನಿ.

ಅಮ್ಮನ ಆಪರೇಷನ್ ಆಯ್ತು, ಈಗ ಆರಾಮಾಗಿದಾಳೆ. ಅಪ್ಪನಿಗೆ 1909 ನಂಬರಿಗೆ ಡಿಎನ್‌ಡಿ ಮಾಡಿಸಿದೀನಿ. ಆದರೂ ಗೊತ್ತಿಲ್ಲದ ನಂಬರ್ ಅಂದ್ರೆ ಅವರು ಈಗಲೂ ಎತ್ತಲ್ಲ.

ನಿಮ್ಮಲ್ಲಿ ನನ್ನ ಥರದ ಕೆಲಸದವರು ಇರ್ತೀರಿ. ನಾಳೆ ಆಫೀಸಿಗೆ ಹೋದಾಗ ನೀವೇ ಬರೆದ ಫಾರ್ಮನ್ನ ಒಂದ್ಸಲ ತೆಗೆದು ನೋಡಿ. ಟಿಕ್ ಹಾಕಿದ್ದು ಯಾರು? ಏನಂತೀರಿ, ಬರೆದು ತಿಳಿಸಿ.